ವಿಮಾನದ ಗಿರಕಿ

ಎಂಜಿನ್ ನಿಂತೊಡನೆ ವಿಮಾನ ಕಲ್ಲಿನಂತೆ ಬೀಳುವುದೆಂದು ನಮ್ಮಲ್ಲಿ ಅನೇಕರ ಭಾವನೆ. ಹಾಗಲ್ಲ, ಎಂಜಿನ್ ನಿಂತರೂ ಅದು ತೇಲುತ್ತ ಇಳಿಯಬಲ್ಲದು. ಆದರೆ ಮೂತಿಯನ್ನು ಅತಿಯಾಗಿ ಮೇಲೆತ್ತಿ, ರೆಕ್ಕೆಗೂ ಎದುರುಗಾಳಿಗೂ ನಡುವಣ ಕೋನ ಸುಮಾರು 15 ಡಿಗ್ರಿಯನ್ನು ಮೀರಿತೆಂದರೆ ಗಾಳಿ ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಚದರುತ್ತದೆ. ರೆಕ್ಕೆಯ ಹೊರುವ ಶಕ್ತಿ ಕುಂದುತ್ತದೆ. ಇದೇ ಸ್ಟಾಲ್. ಆಗ ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಸೋತರೆ ವಿಮಾನ ಆ ಕಡೆಗೆ ವಾಲಿ, ಗಿರಕಿ ಹೊಡೆಯುತ್ತ ಕೆಳಗಿಳಿಯುತ್ತದೆ. ಬುಗುರಿಯ ಉಪಮಾನ ಇಲ್ಲಿ ಸಲ್ಲದು. ಬುಗುರಿ ತಿರುಗುವಷ್ಟು ಹೊತ್ತೂ ನಿಂತಿರುತ್ತದೆಯಷ್ಟೆ!

1912ರ ಆಗಸ್ಟ್ 25ರಂದು ಇಂಗ್ಲೆಂಡಿನ ಸಾಲ್ಸ್‌ಬರಿ ಬಯಲಿನ ಮೇಲೆ ನೌಕಾದಳದ ಲೆಫ್ಟಿನೆಂಟ್ ವಿಲ್‌ಫ್ರೆಡ್ ಪಾರ್ಕ್ ಆವ್ರೋ ವಿಮಾನವೊಂದನ್ನು ಇಳಿಸುತ್ತಿದ್ದಾಗ ಇಂಥ ಗಿರಕಿಗೆ ಸಿಲುಕಿದನು. ನೆಲ ಕೆಲವೇ ನೂರು ಅಡಿ ಕೆಳಗಿತ್ತು. ಎಂಜಿನ್ನಿನ ವೇಗ ಹೆಚ್ಚಿಸಿದನು. ಮೂತಿಯೆತ್ತಲು ಹಿಡಿಕೆಯನ್ನು ತನ್ನತ್ತ ಎಳೆದನು. ತಿರುಗುವ ದಿಕ್ಕಿಗೇ ಚುಕ್ಕಾಣಿಯನ್ನು ಒತ್ತಿದನು. ಯಾವುದೂ ಫಲಿಸಲಿಲ್ಲ. ಕಡೆಗೆ ಚುಕ್ಕಾಣಿಯನ್ನು ವಿರುದ್ಧ ದಿಕ್ಕಿಗೆ ತಳ್ಳಿದನು. ನೆಲಕ್ಕೆ ಸುಮಾರು 50 ಅಡಿ ಉಳಿದಿದ್ದಾಗ ವಿಮಾನ ನೆಟ್ಟಗಾಯಿತು. ಬದುಕಿದ್ದಕ್ಕಿಂತ ಹೆಚ್ಚಾಗಿ, ತಾನು ಮಾಡಿದ್ದೆಲ್ಲವನ್ನೂ ಅನುಕ್ರಮವಾಗಿ ನೆನೆದು ಹೇಳಿದ್ದು ಅವನ ದೊಡ್ಡಸ್ತಿಕೆಯೆಂದು ನನಗೆ ತೋರುತ್ತದೆ. ಅದೇ ಡಿಸೆಂಬರಿನಲ್ಲಿ ಬೇರೊಂದು ವಿಮಾನದ ಅಪಘಾತದಲ್ಲಿ ಅವನು ತೀರಿಕೊಂಡನು.

ಒಬ್ಬನ ಅನುಭವ ಎಲ್ಲರ ವಿದ್ಯೆಯಾಗಲು ವರ್ಷಗಳೇ ಬೇಕಾದವು. 1916ರಲ್ಲಿ ಫಾರ್ನ್‌ಬರೋದಲ್ಲಿ ಫ್ರಾಂಕ್ ಗುಡೆನ್ ಬೇಕೆಂದೇ ಗಿರಕಿ ಹೊಡೆಸಿ ಹೊರಬಂದನು. ಮುಂದಿನ ವರ್ಷ ಭೌತವಿಜ್ಞಾನಿ ಲಿಂಡೆಮನ್ ತಾನೇ ಹಾರಲು ಕಲಿತು, ಗಿರಕಿಯ ನಡುವೆಯೇ ಮಾಪಕಗಳನ್ನು ಓದಿಕೊಂಡನು. ಇವನೇ ಮೊದಲಿಗನೆಂಬ ಕಥೆಯೊಂದು ಹಬ್ಬಿದೆ, ಅದನ್ನು ಒಪ್ಪಲಾಗದು. ಅವನ ಹಿರಿಮೆ ಅಳತೆಯಲ್ಲಿದೆ. ವಿಮಾನ ಭರದಿಂದ ಬೀಳುತ್ತಿದ್ದರೂ ಅದರ ಗಾಳಿವೇಗ ಏರದೆ, ಕಡಿಮೆಯಲ್ಲೇ ನಿಲ್ಲುತ್ತಿತ್ತು. ಎಂದರೆ ರೆಕ್ಕೆಗಳು ಇನ್ನೂ ಸ್ಟಾಲ್‌ನಲ್ಲಿಯೇ ಇದ್ದವು. ಹಿಡಿಕೆಯನ್ನು ಎಳೆದಷ್ಟೂ ಅವು ಅಲ್ಲಿಯೇ ಉಳಿಯುತ್ತಿದ್ದವು.

ಅದೇ 1917ರಲ್ಲಿ ಗಾಸ್‌ಪೋರ್ಟಿನ ಶಾಲೆಯಲ್ಲಿ ಸ್ಮಿತ್-ಬ್ಯಾರಿ ಅಪಾಯವನ್ನು ತಪ್ಪಿಸಿಕೊಳ್ಳುವುದನ್ನಲ್ಲ, ಅದರೊಳಹೊಕ್ಕು ಹೊರಬರುವುದನ್ನೇ ಪಾಠವಾಗಿಸಿದನು. ಆವ್ರೋ 504 ವಿಮಾನದಲ್ಲಿ ಗುರುಶಿಷ್ಯರಿಬ್ಬರಿಗೂ ಹಿಡಿಕೆಗಳು; ಮಾತಿಗೆ ಕೊಳವೆ.

ಇಂದಿಗೂ ಟೈಗರ್ ಮಾತ್‌ನಂಥ ಹಳೆಯ ವಿಮಾನಗಳ ಹವ್ಯಾಸಿಗಳು ಸಾಕಷ್ಟು ಎತ್ತರಕ್ಕೇರಿ ಇದನ್ನು ಅಭ್ಯಾಸಮಾಡುತ್ತಾರೆ: ಎಂಜಿನ್ನನ್ನು ತಗ್ಗಿಸಿ, ಚುಕ್ಕಾಣಿಯನ್ನು ಪೂರ್ತಿ ಎದುರು ದಿಕ್ಕಿಗೊತ್ತಿ, ಬಳಿಕ ಹಿಡಿಕೆಯನ್ನು ಮುಂದಕ್ಕೆ ತಳ್ಳುವುದು, ಗಿರಕಿ ನಿಂತಮೇಲೆ ಚುಕ್ಕಾಣಿಯನ್ನು ಸರಿಮಾಡಿ ಮೆಲ್ಲನೆ ಮೂತಿಯೆತ್ತುವುದು. ಗದ್ದೆ, ಬೇಲಿ, ಮರಗಳು ಕಣ್ಣೆದುರು ಸುತ್ತುತ್ತ ಮೇಲೇಳುತ್ತಿರುವಾಗ, ಕೈ ಆ ನೆಲದ ಕಡೆಗೇ ತಳ್ಳಬೇಕು.