ಅಕ್ಯುಪಂಕ್ಚರ್

ಸೂಜಿ ಚೀನಾದ್ದು, ಹೆಸರು ಮಾತ್ರ ಲ್ಯಾಟಿನ್. 'ಆಕಸ್' ಎಂದರೆ ಸೂಜಿ, 'ಪಂಕ್ಚೂರಾ' ಎಂದರೆ ಚುಚ್ಚುವುದು. ನಮ್ಮ ಬೀದಿಬದಿಯ 'ಪಂಕ್ಚರ್ ಶಾಪ್' ಬೋರ್ಡಿನಲ್ಲಿರುವುದೂ ಇದೇ ಮಾತು. ಚೀನೀಯರು ಈ ಚಿಕಿತ್ಸೆಯನ್ನು 'ಝೆನ್ ಜಿಯೂ' ಎನ್ನುತ್ತಾರೆ. ಅದರಲ್ಲಿ ಸೂಜಿಯ ಜೊತೆಗೆ ಮೂಲಿಕೆ ಸುಟ್ಟು ಶಾಖ ಕೊಡುವುದೂ ಸೇರಿದೆ. ಲ್ಯಾಟಿನ್ ಹೆಸರಿನಲ್ಲಿ ಶಾಖಕ್ಕೆ ಜಾಗವಿಲ್ಲ.

ಯುರೋಪಿನಲ್ಲಿ ಈ ಪದವನ್ನು ಬಳಕೆಗೆ ತಂದವನು ಡಚ್ ವೈದ್ಯ ವಿಲೆಮ್ ಟೆನ್ ರೈನೆ. ಡಚ್ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ ನಾಗಸಾಕಿಯ ದೆಜಿಮಾ ದ್ವೀಪದಲ್ಲಿದ್ದಾಗ ಅವನು ಈ ವಿದ್ಯೆಯನ್ನು ಕಂಡ. 1683ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪುಸ್ತಕದ ಮುಖ್ಯ ವಿಷಯ ಯಾವುದು ಗೊತ್ತೆ? ಕೀಲುನೋವು! ಅಂದರೆ ಕೀಲುನೋವಿಗೂ ಈ ಪದಕ್ಕೂ ಹುಟ್ಟಿನಿಂದಲೇ ನಂಟು.

ಕೀಲುಗಳಲ್ಲೊಂದಾದ ಮಂಡಿಗೆ ಚುಚ್ಚುವ ಬಿಂದುಗಳಲ್ಲಿ ಒಂದರ ಹೆಸರು 'ದೂಬಿ', ಕರುವಿನ ಮೂಗು. ಮಂಡಿ ಮಡಚಿ ನೋಡಿ: ಚಿಪ್ಪಿನ ಕೆಳಗೆ ಎರಡೂ ಪಕ್ಕ ಹೊಳ್ಳೆಗಳಂತೆ ತಗ್ಗು ಕಾಣುತ್ತದೆ. ಹೊರಬದಿಯ ತಗ್ಗೇ ದೂಬಿ. ಹೆಸರಿಟ್ಟವನು ದನಕರು ಕಂಡವನೇ ಇರಬೇಕು.

ಕನ್ನಡದಲ್ಲಿ 'ಸೂಜಿ ಚಿಕಿತ್ಸೆ' ಎಂಬ ಮಾತೂ ಇದೆ. ಚೆನ್ನಾಗಿದೆ, ಆದರೆ ಇಂಜೆಕ್ಷನ್ನನ್ನೂ ನಾವು ಸೂಜಿ ಎನ್ನುವುದರಿಂದ ಗೊಂದಲ. ಈ ಸೂಜಿ ಕೂದಲೆಳೆಯಂಥದು, ಅದರಲ್ಲಿ ಔಷಧವಿಲ್ಲ.

ಗುಣವೆಷ್ಟು? ಮಂಡಿಸವೆತಕ್ಕೆ ಅಮೆರಿಕದ ಕೀಲುರೋಗ ತಜ್ಞರ ಸಂಘ 2019ರಲ್ಲಿ ಷರತ್ತಿನ ಒಪ್ಪಿಗೆ ಕೊಟ್ಟರೆ, ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ 'ನೈಸ್' 2022ರಲ್ಲಿ ಬೇಡವೆಂದಿತು. ಸವೆದ ಮೃದ್ವಸ್ಥಿಯನ್ನಂತೂ ಸೂಜಿ ಮತ್ತೆ ಬೆಳೆಸುವುದಿಲ್ಲ. ಚುಚ್ಚಿಸಿಕೊಳ್ಳುವವರು ಮೊದಲು ಮೂಳೆವೈದ್ಯರಿಗೆ ಮಂಡಿ ತೋರಿಸಿ.