ಎಡಗೈಯ ತೋರುಬೆರಳು ಮತ್ತು ದ್ವಿತೀಯಾ ವಿಭಕ್ತಿ: ಕನ್ನಡ ಕೀಲಿಮಣೆಗಳ ಒಂದು ಮರುಪರಿಶೀಲನೆ

ಕನ್ನಡ ಕೀಲಿಮಣೆಗಳ ಚರ್ಚೆ ಬಹುಕಾಲದಿಂದ ಎರಡು ಹೇಳಿಕೆಗಳ ಸುತ್ತ ತಿರುಗುತ್ತಿದೆ. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸ ಶಾಸ್ತ್ರೀಯವಾದದ್ದು, ಏಕೆಂದರೆ ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ ಬರುತ್ತವೆ ಎಂಬುದು ಒಂದು. ಕೆ.ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದ ಮೂಲಕ ಕಚೇರಿಗಳಿಗೆಲ್ಲ ಹರಡಿದ ಕಗಪ ವಿನ್ಯಾಸ ಕಲಿಯಲು ಸುಲಭ, ಏಕೆಂದರೆ ಅದು ಇಂಗ್ಲಿಷ್ ಅಕ್ಷರಗಳ ಉಚ್ಚಾರಣೆಯನ್ನು ಅನುಸರಿಸುತ್ತದೆ ಎಂಬುದು ಇನ್ನೊಂದು. ಎರಡನೆಯದರ ಬಗ್ಗೆ ಬಹುಮಟ್ಟಿಗೆ ನನ್ನ ತಕರಾರಿಲ್ಲ. ಮೊದಲನೆಯದು ಕನ್ನಡದ ಮಟ್ಟಿಗೆ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ.

ಹಿನ್ನೆಲೆಯನ್ನು ವಿಸ್ತರಿಸಬೇಕಾಗಿಲ್ಲ. ಕೈಗಳು ಒಂದಾದ ಮೇಲೊಂದು ಕೆಲಸ ಮಾಡಿದರೆ ಆಯಾಸ ಕಡಿಮೆ ಎಂಬ ತತ್ತ್ವವನ್ನು ಆಗಸ್ಟ್ ಡ್ವೊರಾಕ್ ಅವರ ವಿನ್ಯಾಸ (ಪೇಟೆಂಟ್ 1936) ಪ್ರಸಿದ್ಧಗೊಳಿಸಿತು. ಆ ವಿನ್ಯಾಸದ ವೇಗದ ಬಗ್ಗೆ 1956ರ ಅರ್ಲ್ ಸ್ಟ್ರಾಂಗ್ ವರದಿ ಸಂದೇಹ ಎತ್ತಿತು. ಅದು ನಿಜಕ್ಕೂ ಉತ್ತಮವೇ ಎಂಬ ಬಗ್ಗೆ ಪಾಲ್ ಡೇವಿಡ್ (1985), ಲೀಬೊವಿಟ್ಸ್ ಮತ್ತು ಮಾರ್ಗೊಲಿಸ್ (1990) ನಡುವಿನ ವಾಗ್ವಾದ ಅರ್ಥಶಾಸ್ತ್ರದ ಓದುಗರಿಗೂ ಪರಿಚಿತ. ಆದರೆ ಕೈಗಳ ಸರದಿ ಒಳ್ಳೆಯದು, ಒಂದೇ ಬೆರಳು ಬೇರೆಬೇರೆ ಕೀಲಿಗಳಿಗೆ ಬೆನ್ನುಬೆನ್ನಿಗೆ ಓಡುವುದು ಕೆಟ್ಟದ್ದು ಎಂಬ ಮೂಲ ಮಾತನ್ನು ಎರಡೂ ಪಕ್ಷದವರು ಒಪ್ಪುತ್ತಾರೆ. ನಾನೂ ಒಪ್ಪಿಯೇ ಮುಂದುವರಿಯುತ್ತೇನೆ.

ಇನ್‌ಸ್ಕ್ರಿಪ್ಟ್ ಮಣೆಯನ್ನು ಎದುರಿಗಿಟ್ಟುಕೊಂಡು ನೋಡಿ. ಬಲಗೈಯದೆನ್ನುವ, ಶಿಫ್ಟ್ ಬೇಡದ ವ್ಯಂಜನಗಳಲ್ಲಿ ಮೂರು ವಾಸ್ತವದಲ್ಲಿ ಎಡಗೈಯ ಕೆಳಸಾಲಿನಲ್ಲಿವೆ: ಮ (ಸಿ ಕೀಲಿ), ನ (ವಿ), ವ (ಬಿ). ಕಣ್ಣು ಹಾಯಿಸದೆ ಹತ್ತು ಬೆರಳುಗಳಲ್ಲಿ ಬೆರಳಚ್ಚು ಮಾಡುವ ಕ್ರಮದಲ್ಲಿ ‘ನ’, ‘ವ’ ಎರಡೂ ಎಡಗೈ ತೋರುಬೆರಳಿನ ಪಾಲು. ಇಕಾರದ ಎಫ್, ಉಕಾರದ ಜಿ ಕೀಲಿಗಳೂ ಅದೇ ಬೆರಳಿಗೆ ಸೇರಿದವು. ಅಂದರೆ ನಿ, ನು, ವಿ, ವು ಇವೆಲ್ಲ ಒಂದೇ ಬೆರಳಿನ ಓಟ.

ಇದು ಚಿಲ್ಲರೆ ದೋಷವಲ್ಲ. ಕನ್ನಡದ ದ್ವಿತೀಯಾ ವಿಭಕ್ತಿ ‘ಅನ್ನು’. ನಮ್ಮ ಸರ್ವನಾಮಗಳು ನಾನು, ನೀನು, ಅವನು. ‘ಅವನನ್ನು’ ಎಂದು ಒತ್ತಿದರೆ ಏಳು ಕೀಲಿಗಳೂ ಎಡಗೈಗೇ ಬೀಳುತ್ತವೆ, ಅವುಗಳಲ್ಲಿ ಐದು ತೋರುಬೆರಳಿಗೆ. ‘ಅ’ಕಾರಕ್ಕಾಗಿ ಶಿಫ್ಟ್ ಹಿಡಿಯುವುದಷ್ಟೇ ಬಲಗೈಯ ಕೆಲಸ. ‘ನಾನು ಅವನನ್ನು ನೋಡಿದೆನು’ ಎಂಬ ವಾಕ್ಯದ 19 ಒತ್ತುಗಳಲ್ಲಿ (ಖಾಲಿ ಜಾಗ, ಶಿಫ್ಟ್ ಬಿಟ್ಟು) 17 ಎಡಗೈಯವು, 12 ಎಡ ತೋರುಬೆರಳಿನವು. ಕಗಪದಲ್ಲಿ ಅದೇ 19 ಒತ್ತುಗಳು ಎಡಕ್ಕೆ 7, ಬಲಕ್ಕೆ 12 ಎಂದು ಹಂಚಿಕೆಯಾಗುತ್ತವೆ. ‘ವುದು’ ಎಂಬ ಪ್ರತ್ಯಯವಂತೂ ಕಗಪದಲ್ಲಿ ಎಡ, ಬಲ, ಎಡ, ಬಲ ಎಂದು ಸರದಿ ತಪ್ಪದೆ ನಡೆಯುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಮೊದಲ ಅಕ್ಷರದಲ್ಲೇ ತೋರುಬೆರಳು ಬಿ ಕೀಲಿಯಿಂದ ಜಿ ಕೀಲಿಗೆ ಹಾರಬೇಕು. ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಮಣೆ ಎಂಬ ಆದರ್ಶದ ಬೆಲೆಯನ್ನು ಕನ್ನಡ ತನ್ನ ಅತ್ಯಂತ ಬಳಕೆಯ ಪ್ರತ್ಯಯಗಳಲ್ಲಿ ತೆರುತ್ತಿದೆ ಎಂಬುದು ನನ್ನ ನಿಲುವು.

ಈ ನಿಲುವಿನ ಮಿತಿಗಳನ್ನೂ ಹೇಳಬೇಕು. ನಾನು ಆರಿಸಿದ ವಾಕ್ಯ ನಕಾರಮಯ. ಅದು ದೋಷ ಎಲ್ಲಿದೆ ಎಂದು ತೋರಿಸುತ್ತದೆ, ಇಡೀ ಭಾಷೆಯಲ್ಲಿ ಅದರ ಪ್ರಮಾಣ ಎಷ್ಟು ಎಂದಲ್ಲ. ‘ಕಾಲ’ದಂಥ ಪದದಲ್ಲಿ ಇನ್‌ಸ್ಕ್ರಿಪ್ಟ್‌ನದೇ ಮೇಲುಗೈ: ಅಲ್ಲಿ ದೀರ್ಘಕ್ಕೆ ಶಿಫ್ಟ್ ಬೇಡ, ಕಗಪದಲ್ಲಿ ಬೇಕು. ಮೇಲಾಗಿ ಕಗಪವೂ ನಿರ್ದೋಷಿಯಲ್ಲ. ಅದರಲ್ಲಿ ‘ನು’ ಎಂದರೆ ಬಲ ತೋರುಬೆರಳು ಕೆಳಸಾಲಿನಿಂದ ಮೇಲುಸಾಲಿಗೆ, ನಡುಸಾಲನ್ನು ದಾಟಿ, ಜಿಗಿಯಬೇಕು. ಮೇಲಿನ ವಾಕ್ಯದಲ್ಲೇ ಆ ಬೆರಳಿಗೆ 10 ಒತ್ತುಗಳು ಬಿದ್ದಿವೆ. ಆದ್ದರಿಂದ ಕಗಪ ಗೆದ್ದಿತು ಎಂದು ನಾನು ಹೇಳುತ್ತಿಲ್ಲ. ಕೈಗಳ ಸರದಿ ಎಂಬ ಆಧಾರದ ಮೇಲೆ ಇನ್‌ಸ್ಕ್ರಿಪ್ಟ್ ಅನ್ನು ಕನ್ನಡಕ್ಕೆ ಶ್ರೇಷ್ಠವೆನ್ನಲು ಬರುವುದಿಲ್ಲ ಎಂಬಷ್ಟೇ ನನ್ನ ಮಾತು.

ಎರಡೂ ಮಣೆಗಳು ಜೊತೆಯಾಗಿ ಎಡವುವ ಸ್ಥಳ ಇನ್ನೊಂದಿದೆ. ಬಹುವಚನದ ‘ಗಳು’ ಇಲ್ಲದೆ ಕನ್ನಡದ ಒಂದು ಪುಟವೂ ಸಾಗದು. ಆದರೂ ‘ಳ’ ಎರಡರಲ್ಲೂ ಶಿಫ್ಟ್‌ನ ಆಶ್ರಯದಲ್ಲಿದೆ, ಪ್ರತಿ ಬಾರಿಯೂ ಕಿರುಬೆರಳಿಗೆ ಹೊರೆ. ಕಗಪದಲ್ಲಿ ಇದರ ಕಾರಣ ಸ್ಪಷ್ಟ: ‘ಲ’ ಇಂಗ್ಲಿಷಿನ ಸಣ್ಣ ಎಲ್ ಆದಮೇಲೆ ‘ಳ’ ದೊಡ್ಡ ಎಲ್ ಆಗಲೇಬೇಕಾಯಿತು. ಇನ್‌ಸ್ಕ್ರಿಪ್ಟ್‌ನಲ್ಲಿ, ‘ಳ’ಕಾರವಿಲ್ಲದ ಹಿಂದಿಯ ಅಗತ್ಯ ಮುಂದಾಗಿರಬಹುದು ಎಂದು ಊಹಿಸುತ್ತೇನೆ, ಸಾಧಿಸಲಾರೆ. ಇತ್ತ ಕಗಪದಲ್ಲಿ ಜ್ಞಾನ, ಆಜ್ಞೆಗಳಂಥ ಕೆಲವೇ ಪದಗಳಲ್ಲಿ ಬೇಕಾಗುವ ‘ಞ’ ಶಿಫ್ಟ್ ಇಲ್ಲದ ಝೆಡ್ ಕೀಲಿಯನ್ನು ಇಡಿಯಾಗಿ ಹಿಡಿದು ಕುಳಿತಿದೆ. ಟಕಾರಕ್ಕೆ ಕ್ಯೂ, ಡಕಾರಕ್ಕೆ ಡಬ್ಲ್ಯೂ ಕೊಟ್ಟಾಗ ಕಗಪ ಇಂಗ್ಲಿಷ್ ಉಚ್ಚಾರಣೆಯ ನಂಟನ್ನು ಆಗಲೇ ಬಿಟ್ಟಿತ್ತು. ಹಾಗಿರುವಾಗ ‘ಳ’ವನ್ನು ಝೆಡ್‌ಗೆ ತಂದು ‘ಞ’ವನ್ನು ಶಿಫ್ಟ್‌ಗೆ ಕಳಿಸಲು ತಾತ್ವಿಕ ಅಡ್ಡಿಯೇನೂ ಕಾಣದು. ಯುನಿಕೋಡ್‌ನಲ್ಲಿ ಉಳಿಯುವುದು ಅಕ್ಷರ, ಕೀಲಿಯಲ್ಲ. ಹಳೆಯ ಕಡತಗಳಿಗೆ ಇದರಿಂದ ಕುಂದಿಲ್ಲ. ರೂಢಿಯಾದ ಬೆರಳುಗಳಿಗೆ ಆಗುವ ತೊಂದರೆ ಮಾತ್ರ ನಿಜ.

ಇಲ್ಲಿನ ಎಣಿಕೆಯೆಲ್ಲ ಹತ್ತು ಬೆರಳುಗಳ ಅಭ್ಯಾಸವಿರುವವರನ್ನು ಕುರಿತದ್ದು. ಎರಡೇ ಬೆರಳಲ್ಲಿ ಒತ್ತುವವರಿಗೆ, ಮೊಬೈಲಿನ ಮೇಲೆ ಹೆಬ್ಬೆರಳಾಡಿಸುವವರಿಗೆ ಇದು ಎಷ್ಟು ಅನ್ವಯಿಸುತ್ತದೆ ಎಂಬ ಪ್ರಶ್ನೆ ತೆರೆದೇ ಇದೆ. ನ್ಯಾಯಾಲಯದ ತೀರ್ಪು, ಪತ್ರಿಕೆಯ ವರದಿ, ಕಚೇರಿಯ ಟಿಪ್ಪಣಿ ಈ ಮೂರೂ ಬಗೆಯ ಗದ್ಯದ ಮೇಲೆ ಕೀಲಿಗಳ ಎಣಿಕೆ ಆಗಬೇಕು. ಪಠ್ಯಸಂಗ್ರಹ ಕೈಯಲ್ಲಿರುವ ಭಾಷಾಶಾಸ್ತ್ರಜ್ಞರು ಅದನ್ನು ಕೈಗೆತ್ತಿಕೊಳ್ಳಬೇಕೆಂದೂ, ದಿನವಿಡೀ ಮಣೆಯ ಮುಂದೆ ಕೂರುವ ಬೆರಳಚ್ಚುಗಾರರನ್ನು ಆ ಕೆಲಸದಲ್ಲಿ ಮೊದಲು ಕೇಳಬೇಕೆಂದೂ ಕೋರುತ್ತೇನೆ.