ಶುಶ್ರೂಷಾ ನಾಯಕತ್ವದ ಚರಿತ್ರೆ

ಶುಶ್ರೂಷಾ ನಾಯಕತ್ವ: ಆಸ್ಪತ್ರೆಗಳಲ್ಲಿಯೂ ಸಾರ್ವಜನಿಕ ಆರೋಗ್ಯವ್ಯವಸ್ಥೆಯಲ್ಲಿಯೂ ರೋಗಿಗಳ ಆರೈಕೆಯನ್ನು ಏರ್ಪಡಿಸಿ, ಆರೈಕೆ ಮಾಡತಕ್ಕವರಿಗೆ ಶಿಕ್ಷಣವನ್ನಿತ್ತು, ಅವರ ಕಾರ್ಯದ ಹೊಣೆಯನ್ನು ಹೊರುವ ಅಧಿಕಾರಕ್ಕೆ ಈ ಹೆಸರು. ವಾರ್ಡಿನ ಸಿಸ್ಟರು, ಮೇಟ್ರನ್, ನರ್ಸಿಂಗ್ ಸೂಪರಿಂಟೆಂಡೆಂಟ್, ಶುಶ್ರೂಷಾ ಕಾಲೇಜಿನ ಪ್ರಾಂಶುಪಾಲೆ, ಸರ್ಕಾರದ ಶುಶ್ರೂಷಾ ಸಲಹೆಗಾರ್ತಿ ಇವರೆಲ್ಲರೂ ಈ ಪರಂಪರೆಗೆ ಸೇರಿದವರು. ಶುಶ್ರೂಷೆಯೆಂಬ ಶಬ್ದ ‘ಶ್ರು’ ಧಾತುವಿನ ಇಚ್ಛಾರ್ಥಕ ರೂಪದಿಂದ ಬಂದುದು. ಕೇಳಬೇಕೆಂಬ ಬಯಕೆಯೇ ಅದರ ಮೂಲಾರ್ಥ. ಗುರುವಿನ ಮಾತನ್ನು ಕೇಳುವ ಶಿಷ್ಯನ ವಿಧೇಯತೆಯಿಂದ ಸೇವೆಯೆಂಬ ಅರ್ಥವೂ, ಅಲ್ಲಿಂದ ರೋಗಿಯ ಉಪಚಾರವೆಂಬ ಅರ್ಥವೂ ಬೆಳೆದುವು. ಹೇಳಿದುದನ್ನು ಕೇಳುವುದೇ ಧರ್ಮವೆಂದು ಲೋಕವು ಯಾರಿಗೆ ವಿಧಿಸಿತ್ತೋ ಅವರಿಗೆ ಹೇಳುವ ಅಧಿಕಾರವೂ ಉಂಟೆ, ಹಗಲಿರುಳು ಹಾಸಿಗೆಯ ಬಳಿ ನಿಂತವಳಿಗೆ ಆ ಹಾಸಿಗೆಯ ವಿಷಯದಲ್ಲಿ ನಿರ್ಣಯಿಸುವ ಸ್ವಾತಂತ್ರ್ಯ ಸಲ್ಲುವುದೆ ಎಂಬ ಪ್ರಶ್ನೆಯ ಸುತ್ತಲೇ ಈ ವಿಷಯದ ಚರಿತ್ರೆಯೆಲ್ಲ ಹೆಣೆದುಕೊಂಡಿದೆ.

ಪ್ರಾಚೀನ ಭಾರತದ ವೈದ್ಯಶಾಸ್ತ್ರ ಪರಿಚಾರಕನಿಗೆ ಕೊಟ್ಟ ಸ್ಥಾನ ಸಾಮಾನ್ಯವಾದುದಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ ಈ ನಾಲ್ಕನ್ನು ಚಿಕಿತ್ಸೆಯ ನಾಲ್ಕು ಪಾದಗಳೆಂದು ಎಣಿಸಿ, ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ ಮತ್ತು ಶೌಚ ಎಂಬ ನಾಲ್ಕು ಗುಣಗಳನ್ನು ವಿಧಿಸಿದೆ. ಜ್ಞಾನವನ್ನೂ ಅನುರಾಗವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಈ ವಿವೇಕ ಮೆಚ್ಚತಕ್ಕದ್ದು; ಆದರೆ ನಾಲ್ಕು ಪಾದಗಳಲ್ಲಿ ಪ್ರಧಾನನು ವೈದ್ಯನೇ ಎಂದು ಅದೇ ಗ್ರಂಥ ನಿರ್ಣಯಿಸಿರುವುದರಿಂದ, ಪರಿಚಾರಕರಿಗೆ ತಮ್ಮದೇ ಆದ ಮುಖಂಡತ್ವವೊಂದು ಅಲ್ಲಿ ಕಾಣಬರುವುದಿಲ್ಲ. ಯೂರೋಪಿನಲ್ಲಿ ಈ ಕೆಲಸ ಬಹುಕಾಲ ಸಂನ್ಯಾಸಿನಿಯರ ಮಠಗಳ ಆಶ್ರಯದಲ್ಲಿ ನಡೆಯಿತು. ಮಠಗಳ ಪ್ರಭಾವ ಕುಗ್ಗಿದ ಇಂಗ್ಲೆಂಡಿನಂಥ ದೇಶಗಳಲ್ಲಿ ಅದು ಬೇರೆ ಗತಿಯಿಲ್ಲದವರು ಹಿಡಿಯುವ ಕೂಲಿಯ ಮಟ್ಟಕ್ಕೆ ಇಳಿದಿತ್ತು. 1836ರಲ್ಲಿ ಜರ್ಮನಿಯ ಕೈಸರ್‌ವರ್ಥ್ ಎಂಬ ಊರಿನಲ್ಲಿ ಪಾದ್ರಿ ಥಿಯೊಡೋರ್ ಫ್ಲೀಡ್ನರ್ ಸ್ಥಾಪಿಸಿದ ಸೇವಿಕೆಯರ ಸಂಸ್ಥೆ, ದಾದಿಯರಿಗೆ ಕ್ರಮಬದ್ಧವಾದ ಶಿಕ್ಷಣವನ್ನು ಕೊಡಬಹುದೆಂಬುದನ್ನು ತೋರಿಸಿಕೊಟ್ಟಿತು.

ಫ್ಲಾರೆನ್ಸ್ ನೈಟಿಂಗೇಲ್ (1820-1910) ಕಲಿತುದು ಅಲ್ಲಿಯೇ. ಸಿರಿವಂತ ಆಂಗ್ಲ ಮನೆತನದಲ್ಲಿ ಹುಟ್ಟಿ, ಮನೆಯವರ ದೀರ್ಘವಿರೋಧವನ್ನು ದಾಟಿ 1851ರಲ್ಲಿ ಕೆಲವು ತಿಂಗಳು ಕೈಸರ್‌ವರ್ಥಿನಲ್ಲಿದ್ದು, 1853ರಲ್ಲಿ ಲಂಡನ್ನಿನ ಸಣ್ಣದೊಂದು ಚಿಕಿತ್ಸಾಲಯದ ಮೇಲ್ವಿಚಾರಕಿಯಾದ ಈಕೆ, ಮರುವರ್ಷದ ಅಕ್ಟೋಬರಿನಲ್ಲಿ ಸಚಿವ ಸಿಡ್ನಿ ಹರ್ಬರ್ಟನ ಕೋರಿಕೆಯಂತೆ 38 ಮಂದಿ ದಾದಿಯರನ್ನು ಕೂಡಿಕೊಂಡು, ಕ್ರಿಮಿಯಾ ಯುದ್ಧದ ಗಾಯಾಳುಗಳು ತುಂಬಿದ್ದ ತುರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೊರಟಳು. ಸೇನಾವೈದ್ಯರಿಗೆ ಈ ಹೆಂಗಸರ ಬರವು ರುಚಿಸಲಿಲ್ಲ. ಆಗ ನೈಟಿಂಗೇಲ್ ಮಾಡಿದುದೇನೆಂದರೆ, ವೈದ್ಯರು ಕರೆಯುವ ಪರ್ಯಂತ ತನ್ನವರಾರೂ ರೋಗಿಗಳನ್ನು ಮುಟ್ಟಕೂಡದೆಂದು ಕಟ್ಟಪ್ಪಣೆಮಾಡಿ, ಕಾದು ಕುಳಿತುದು. ಗಾಯಾಳುಗಳು ಹಡಗು ಹಡಗಾಗಿ ಬಂದಿಳಿದು ವೈದ್ಯರ ಕೈಸೋತಾಗ ಕರೆ ತಾನಾಗಿಯೇ ಬಂದಿತು. ವಿಧೇಯತೆಯನ್ನೇ ಸಾಧನವಾಗಿಸಿಕೊಂಡು ಅಧಿಕಾರವನ್ನು ಗಳಿಸಿದ ಈ ನಡೆ ಮುಂದಿನ ನೂರು ವರ್ಷಗಳ ಮೇಟ್ರನ್ನರಿಗೆ ಪಾಠವೂ ಆಯಿತು, ಕೆಲವು ವೇಳೆ ಸಂಕೋಲೆಯೂ ಆಯಿತು.

ದೀಪಧಾರಿಣಿಯೆನಿಸಿದ ನೈಟಿಂಗೇಲಳ ಚಿತ್ರ ಲೋಕದ ಕಣ್ಣಿಗೆ ಎಷ್ಟು ತಂಪಾದುದೋ ಸ್ಕುಟಾರಿಯ ಅಂಕಿಗಳು ಅಷ್ಟೇ ಕಠೋರವಾದುವು. ಆಕೆ ಬಂದಮೇಲೆಯೂ ಸಾವು ಏರುತ್ತಲೇ ಹೋಗಿ 1855ರ ಫೆಬ್ರವರಿಯಲ್ಲಿ ಶೇಕಡ 42.7ನ್ನು ಮುಟ್ಟಿತು. ಮಾರ್ಚಿನಲ್ಲಿ ಇಂಗ್ಲೆಂಡಿನಿಂದ ಬಂದ ನೈರ್ಮಲ್ಯ ಆಯೋಗ ಕಟ್ಟಡದಡಿಯ ಚರಂಡಿಗಳನ್ನು ತೋಡಿಸಿ, ನೀರನ್ನೂ ಗಾಳಿಯನ್ನೂ ಸರಿಪಡಿಸಿದ ತರುವಾಯ ಜೂನಿನ ಹೊತ್ತಿಗೆ ಅದು 2.2ಕ್ಕೆ ಇಳಿಯಿತು. ಯುದ್ಧಾನಂತರ ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞನೊಡನೆ ಈ ಲೆಕ್ಕವನ್ನು ಬಿಡಿಸಿನೋಡಿದಾಗ, ಸೈನಿಕರಲ್ಲಿ ಬಹುಮಂದಿಯನ್ನು ಕೊಂದುದು ಶತ್ರುವಿನ ಗುಂಡಲ್ಲ, ತಾನು ಹಗಲಿರುಳು ದುಡಿದ ಆಸ್ಪತ್ರೆಯೇ ಎಂಬುದು ನೈಟಿಂಗೇಲಳಿಗೆ ಸ್ಪಷ್ಟವಾಯಿತು. ಆ ಸತ್ಯವನ್ನು ಮುಚ್ಚಿಡದೆ, ಬಣ್ಣದ ಚಕ್ರಾಕಾರದ ನಕ್ಷೆಗಳಲ್ಲಿ ಬರೆದು 1858ರಲ್ಲಿ ಸರ್ಕಾರದ ಮುಂದಿಟ್ಟಳು. ಶುಶ್ರೂಷಾ ನಾಯಕತ್ವದ ಮೌಲ್ಯಗಳಲ್ಲಿ ಕರುಣೆಯನ್ನು ಎಲ್ಲರೂ ಹೇಳುತ್ತಾರೆ. ತನ್ನ ಹೊಣೆಯಲ್ಲಿ ಸತ್ತವರನ್ನು ಎಣಿಸಿ ಜಗತ್ತಿಗೆ ತಿಳಿಸುವ ಈ ಪ್ರಾಮಾಣಿಕತೆ ಕರುಣೆಗಿಂತ ವಿರಳವಾದುದು.

1860ರಲ್ಲಿ ಲಂಡನ್ನಿನ ಸಂತ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾದ ಶಿಕ್ಷಣಶಾಲೆಯ ಮೂಲಕ ಆಕೆ ಸಾಧಿಸಿದ ಮುಖ್ಯ ಪರಿವರ್ತನೆ ಆಡಳಿತಕ್ಕೆ ಸಂಬಂಧಿಸಿದುದು. ದಾದಿಯರ ನೇಮಕ, ಶಿಸ್ತು, ಶಿಕ್ಷಣಗಳೆಲ್ಲ ವೈದ್ಯನ ಕೈಯಿಂದಲೂ ಉಗ್ರಾಣದ ಅಧಿಕಾರಿಯ ಕೈಯಿಂದಲೂ ಬಿಡಿಸಲ್ಪಟ್ಟು, ಸ್ವತಃ ಶುಶ್ರೂಷೆ ಬಲ್ಲ ಮೇಟ್ರನ್ನಳ ಕೈಗೆ ಬರಬೇಕೆಂಬುದು ಅದರ ತಿರುಳು. ಇದಕ್ಕೆ ಮೊದಲೇ ಪ್ರಕಟವಾಗಿದ್ದ ಶುಶ್ರೂಷೆಯ ಕುರಿತ ತನ್ನ ಪುಸ್ತಕದಲ್ಲಿ ‘ಹೊಣೆ ಹೊರುವುದು’ ಎಂದರೇನೆಂಬುದನ್ನು ಆಕೆ ವಿಚಾರಮಾಡಿದ್ದಳು: ಮುಖ್ಯಳಾದವಳು ಎದುರಿಗಿರುವಾಗ ಕೆಲಸ ಸರಿಯಾಗಿ ನಡೆದರೆ ಅದು ದೊಡ್ಡದಲ್ಲ, ಆಕೆ ಇಲ್ಲದ ಹೊತ್ತಿನಲ್ಲೂ ನಡೆಯತಕ್ಕದ್ದು ತಪ್ಪದೆ ನಡೆಯುವಂತೆ ಕಟ್ಟಿಟ್ಟಿರುವುದೇ ಹೊಣೆ. ಇಂದಿಗೂ ಪಾಳಿ ಮುಗಿಸಿ ಹೊರಡುವ ಸಿಸ್ಟರು, ಪಾಳಿಗೆ ಬಂದವಳನ್ನು ಹಾಸಿಗೆಯಿಂದ ಹಾಸಿಗೆಗೆ ಕರೆದೊಯ್ದು, ಯಾರಿಗೆ ಜ್ವರವೇರಿತು, ಯಾರ ಮೂತ್ರ ಕಡಮೆಯಾಯಿತು, ಯಾವ ಔಷಧ ಎಷ್ಟು ಗಂಟೆಗೆ ಬಾಕಿಯಿದೆ ಎಂಬುದನ್ನು ಬಾಯಲ್ಲಿಯೂ ಪುಸ್ತಕದಲ್ಲಿಯೂ ಒಪ್ಪಿಸಿ ಹೋಗುತ್ತಾಳೆ. ಆ ವಿಚಾರದ ನಿತ್ಯಾಚರಣೆಯೆಂದರೆ ಇದೇ.

ಈ ಸಿದ್ಧಾಂತಕ್ಕೆ ತೆತ್ತ ಬೆಲೆ ಅಲ್ಪವಾಗಿರಲಿಲ್ಲ. 1865ರಲ್ಲಿ ಲಿವರ್‌ಪೂಲಿನ ನಿರ್ಗತಿಕರ ಆಸ್ಪತ್ರೆಗೆ ಮೇಲ್ವಿಚಾರಕಿಯಾಗಿ ಹೋದ ಆಗ್ನೆಸ್ ಜೋನ್ಸ್, ಸಾವಿರಕ್ಕೆ ಮಿಕ್ಕಿದ ರೋಗಿಗಳನ್ನೂ, ದಾದಿಯರ ಮೇಲಣ ಅಧಿಕಾರವನ್ನು ಬಿಟ್ಟುಕೊಡಲೊಲ್ಲದ ಅಲ್ಲಿಯ ಆಡಳಿತಗಾರನನ್ನೂ ಏಕಕಾಲದಲ್ಲಿ ಎದುರಿಸಿ, 1868ರಲ್ಲಿ ಟೈಫಸ್ ಜ್ವರಕ್ಕೆ ತುತ್ತಾದಳು. ಆಗ ಆಕೆಗೆ 35 ವರ್ಷ. ಅದೇ ವರ್ಷ ಲೂಸಿ ಆಸ್ಬರ್ನ್ ಆಸ್ಟ್ರೇಲಿಯದ ಸಿಡ್ನಿಗೆ ತೆರಳಿ ಅಲ್ಲಿ ಹೊಸ ಪದ್ಧತಿಗೆ ಅಡಿಗಲ್ಲಿಟ್ಟಳು.

ಮುಂದಿನ ಪೀಳಿಗೆಯಲ್ಲಿ ಎದ್ದ ವಿವಾದ, ನಾಯಕಿಯ ಮೌಲ್ಯಗಳೇನೆಂಬ ವಿಷಯಕ್ಕೇ ಸಂಬಂಧಪಟ್ಟುದರಿಂದ ತುಸು ವಿಸ್ತಾರವಾಗಿ ಹೇಳಬೇಕಾಗಿದೆ. 24ನೆಯ ವಯಸ್ಸಿನಲ್ಲಿಯೇ ಲಂಡನ್ನಿನ ಸಂತ ಬಾರ್ಥಲೋಮ್ಯೂ ಆಸ್ಪತ್ರೆಯ ಮೇಟ್ರನ್ ಆಗಿದ್ದ ಎಥೆಲ್ ಬೆಡ್‌ಫರ್ಡ್ ಫೆನ್‌ವಿಕ್, ವೈದ್ಯರಂತೆ ದಾದಿಯರಿಗೂ ಪರೀಕ್ಷೆಯಿರಬೇಕು, ತೇರ್ಗಡೆಯಾದವರ ಹೆಸರು ಸರ್ಕಾರದ ದಾಖಲೆಯಲ್ಲಿರಬೇಕು ಎಂದು 1887ರಲ್ಲಿ ಚಳವಳಿ ಹೂಡಿದಳು. ಇದನ್ನು ವಿರೋಧಿಸಿದವಳು ಸ್ವತಃ ನೈಟಿಂಗೇಲ್! ದಾದಿಯ ಶೀಲ, ತಾಳ್ಮೆ, ರೋಗಿಯ ಮುಖವನ್ನೋದುವ ಸೂಕ್ಷ್ಮತೆ ಇವು ಪ್ರಶ್ನಪತ್ರಿಕೆಯಿಂದ ಅಳೆಯತಕ್ಕವಲ್ಲವೆಂಬುದು ಹಿರಿಯಳ ವಾದ. ಶೀಲದ ಹೆಸರಿನಲ್ಲಿ ಅಶಿಕ್ಷಿತರಿಂದ ರೋಗಿಗೊದಗುವ ಅಪಾಯವನ್ನು ಸಹಿಸಲಾಗದು, ಆಸ್ಪತ್ರೆಯ ಕೃಪೆಯಲ್ಲಿ ಬಾಳುವ ಹೆಣ್ಣಿಗೆ ಕಾನೂನಿನ ಆಧಾರವೂ ಬೇಕು ಎಂಬುದು ಕಿರಿಯಳ ವಾದ. ಮೂವತ್ತೆರಡು ವರ್ಷಗಳ ಹೋರಾಟದ ಬಳಿಕ 1919ರಲ್ಲಿ ನೋಂದಣಿಯ ಕಾನೂನು ಬಂದು, ದಾಖಲೆಯ ಮೊದಲನೆಯ ಹೆಸರು ಫೆನ್‌ವಿಕ್ಕಳದೇ ಆಯಿತು. ಚರಿತ್ರೆ ಕಿರಿಯಳ ಪಕ್ಷವನ್ನು ವಹಿಸಿತು, ಅದು ನ್ಯಾಯವೂ ಹೌದು. ಆದರೆ ಹಿರಿಯಳ ಆಕ್ಷೇಪಕ್ಕೆ ಉತ್ತರ ದೊರೆತಂತಿಲ್ಲ. 1899ರಲ್ಲಿ ಫೆನ್‌ವಿಕ್ಕಳ ಮುಂದಾಳುತನದಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ದಾದಿಯರ ಮಂಡಲಿ 1953ರಲ್ಲಿ ವೃತ್ತಿಯ ನೀತಿಸಂಹಿತೆಯನ್ನು ಅಂಗೀಕರಿಸಿತು; ರಾಷ್ಟ್ರ, ಜಾತಿ, ಮತಗಳ ಭೇದವೆಣಿಸದ ಸೇವೆ ಅದರ ಜೀವಾಳ. ಆ ಧರ್ಮವನ್ನು ಲಿಖಿತ ಸಂಹಿತೆಗೆ ಮೊದಲೇ ನಡೆದು ತೋರಿದವಳು ಬ್ರಸೆಲ್ಸಿನ ಶಿಕ್ಷಣಶಾಲೆಯ ಮೇಟ್ರನ್ ಈಡಿತ್ ಕ್ಯಾವೆಲ್. ಮೊದಲನೆಯ ಮಹಾಯುದ್ಧದಲ್ಲಿ ಎರಡೂ ಪಕ್ಷದ ಗಾಯಾಳುಗಳನ್ನು ಉಪಚರಿಸಿದ ಆಕೆಯನ್ನು, ಮಿತ್ರಸೈನಿಕರು ತಪ್ಪಿಸಿಕೊಳ್ಳಲು ನೆರವಾದಳೆಂಬ ಕಾರಣಕ್ಕೆ, 1915ರ ಅಕ್ಟೋಬರ್ 12ರಂದು ಜರ್ಮನ್ ಸೇನೆ ಗುಂಡಿಟ್ಟು ಕೊಂದಿತು.

ಭಾರತಕ್ಕೂ ಈ ಪರಂಪರೆಗೂ ನಂಟು ಬೆಳೆದುದು ಸೈನ್ಯದ ಮೂಲಕ. ಇಲ್ಲಿಯ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದುದನ್ನು ಕುರಿತು ನೇಮಕವಾದ ಬ್ರಿಟಿಷ್ ರಾಜಾಯೋಗದ 1863ರ ವರದಿಯ ಹಿಂದೆ, ಎಂದೂ ಭಾರತವನ್ನು ಕಾಣದ ನೈಟಿಂಗೇಲಳ ಶ್ರಮವಿತ್ತು. ದಂಡಿನ ಪ್ರದೇಶಗಳಿಂದ ತರಿಸಿದ ಉತ್ತರಗಳ ರಾಶಿಯನ್ನೋದಿ ಆಕೆ ನೀರು, ಚರಂಡಿ, ವಸತಿಗಳ ವಿಚಾರವಾಗಿ ಟಿಪ್ಪಣಿ ಬರೆದಳು. 1888ರಲ್ಲಿ ಕ್ಯಾಥರೀನ್ ಲಾಕ್ ಮೊದಲಾದ ಹತ್ತು ಮಂದಿ ತರಬೇತಾದ ದಾದಿಯರು ಸೇನಾಸೇವೆಗೆಂದು ಮುಂಬಯಿಯಲ್ಲಿ ಬಂದಿಳಿದರು. ಜನಸಾಮಾನ್ಯರ ಆಸ್ಪತ್ರೆಗಳಲ್ಲಾದರೋ ಮೈಲಿಗೆಯ ಭಾವನೆ, ಪರದಾಪದ್ಧತಿ, ರಾತ್ರಿಪಾಳಿಯ ಹೆಂಗಸಿನ ಮೇಲಿನ ಸಂಶಯ ಇವು ಮೇಲುಜಾತಿಯ ಹೆಣ್ಣುಮಕ್ಕಳನ್ನು ದೂರವಿಟ್ಟುದರಿಂದ, ಬಹುಕಾಲ ಕ್ರೈಸ್ತ ಮತ್ತು ಆಂಗ್ಲೋ-ಇಂಡಿಯನ್ ಯುವತಿಯರೇ ಈ ಭಾರವನ್ನು ಹೊತ್ತರು. ಮೇಟ್ರನ್ನಳ ಕುರ್ಚಿ ಮಾತ್ರ ಯೂರೋಪಿನವರಿಗೆ ಮೀಸಲಾಗಿತ್ತು. ಸಮಾಜ ಈ ಹೆಣ್ಣುಮಕ್ಕಳಿಂದ ಸೇವೆಯನ್ನು ಪಡೆದು ಗೌರವವನ್ನು ಮಾತ್ರ ಹಿಂತೆಗೆದುಕೊಂಡುದು ನಮ್ಮ ಚರಿತ್ರೆಯ ಕೃತಘ್ನತೆಗಳಲ್ಲೊಂದು. 1905ರಲ್ಲಿ ಲಖನೌದಲ್ಲಿ ಶುಶ್ರೂಷಾ ಮೇಲ್ವಿಚಾರಕಿಯರ ಸಂಘವೂ, 1908ರಲ್ಲಿ ಭಾರತದ ತರಬೇತಾದ ದಾದಿಯರ ಸಂಘವೂ ಹುಟ್ಟಿದುವು. 1910ರಲ್ಲಿ ಅವರ ಪತ್ರಿಕೆ ಹೊರಟಿತು. ಮದರಾಸು ಪ್ರಾಂತ 1926ರಲ್ಲಿ ನೋಂದಣಿಯ ಕಾನೂನನ್ನು ಮಾಡಿತು.

ದೇಶದ ಆರೋಗ್ಯವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿ ಅದರ ಸ್ಥಿತಿಯನ್ನು ಬಯಲಿಗಿಟ್ಟಿತು: 43,000 ಜನರಿಗೆ ಒಬ್ಬ ದಾದಿ. ಅದೇ ವರ್ಷ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಶುಶ್ರೂಷೆಯ ಪದವಿಶಿಕ್ಷಣ ತೊಡಗಿತು. 1947ರ ಕಾನೂನಿನಿಂದ ಭಾರತೀಯ ಶುಶ್ರೂಷಾ ಪರಿಷತ್ತು ರೂಪುಗೊಂಡಿತು. ಸ್ವತಂತ್ರ ಭಾರತದ ಸರ್ಕಾರಕ್ಕೆ ಶುಶ್ರೂಷಾ ಸಲಹೆಗಾರ್ತಿಯಾದ ತೆಹ್ಮಿನಾ ಆದ್ರನ್‌ವಾಲಾಳ ಕಾಲದಲ್ಲಿ, ವಾರ್ಡಿನಿಂದ ಬಂದ ಭಾರತೀಯ ಹೆಣ್ಣಿನ ಅಭಿಪ್ರಾಯ ರಾಷ್ಟ್ರೀಯ ನೀತಿನಿರೂಪಣೆಯ ಮೇಜಿನವರೆಗೂ ತಲುಪಿತು. ದಾದಿಯರ ವೇತನ, ವಸತಿ, ದುಡಿಮೆಯ ವೇಳೆಗಳನ್ನು ಪರಿಶೀಲಿಸಿದ 1954ರ ಸಮಿತಿಯ ಅಧ್ಯಕ್ಷನು ಕನ್ನಡಿಗರಿಗೆ ಪರಿಚಿತ: ಮದರಾಸಿನ ಆರೋಗ್ಯಸಚಿವನೂ, ಮಂಗಳೂರಿನಲ್ಲಿ ವಿಜಯಾ ಬ್ಯಾಂಕನ್ನು ಕಟ್ಟಿದವನೂ ಆದ ಎ. ಬಿ. ಶೆಟ್ಟಿ. 1987ರಲ್ಲಿ ನೇಮಕವಾದ ಸರೋಜಿನಿ ವರದಪ್ಪನ್ ಸಮಿತಿಯೂ ಬಹುಮಟ್ಟಿಗೆ ಅವೇ ಕುಂದುಕೊರತೆಗಳನ್ನು ಕುರಿತು ವಿಚಾರಿಸಬೇಕಾಯಿತೆಂಬುದು ಖೇದಕರ.

ಕರ್ನಾಟಕದಲ್ಲಿ ಬೆಂಗಳೂರಿನ ಸಂತ ಮಾರ್ಥಾ ಆಸ್ಪತ್ರೆ (1886) ಸಂನ್ಯಾಸಿನಿಯರ ಮುಂದಾಳುತನಕ್ಕೆ ಹಳೆಯ ನಿದರ್ಶನ. ವಿಕ್ಟೋರಿಯಾ (1900), ವಾಣಿವಿಲಾಸ (1935) ಆಸ್ಪತ್ರೆಗಳೊಂದಿಗೆ ಸರ್ಕಾರಿ ಸೇವೆಯ ದಾದಿಯರ ವರ್ಗ ಬೆಳೆಯಿತು. ಇಂದು ನಿಮ್ಹಾನ್ಸ್ ಎನಿಸಿಕೊಂಡಿರುವ ಬೆಂಗಳೂರಿನ ಸಂಸ್ಥೆಯಲ್ಲಿ 1950ರ ದಶಕದಲ್ಲಿ ಆರಂಭವಾದ ಮನೋರೋಗ ಶುಶ್ರೂಷೆಯ ಶಿಕ್ಷಣ ದೇಶಕ್ಕೇ ಮಾದರಿಯಾಯಿತು. ಕಾವಲಿನ ಕೆಲಸವೆನಿಸಿದ್ದುದನ್ನು ಚಿಕಿತ್ಸೆಯಾಗಿ ಮಾರ್ಪಡಿಸಿದ ಆ ಪ್ರಯತ್ನದಲ್ಲಿ, ಕೇಳುವ ಬಯಕೆಯೆಂಬ ಶುಶ್ರೂಷೆಯ ಮೂಲಾರ್ಥವೇ ಉಪಚಾರದ ಉಪಕರಣವಾಯಿತು.

ಮೇಟ್ರನ್ ಪದವಿ ಹುಟ್ಟಿದ ಬ್ರಿಟನ್ನಿನಲ್ಲಿಯೇ ಅದು ಕುಸಿದು ಮತ್ತೆ ಎದ್ದ ಬಗೆ ವಿಚಾರಾರ್ಹವಾದುದು. 1966ರ ಸಾಮನ್ ವರದಿ ಮೇಟ್ರನ್ನಳ ಬದಲು ಹಂತಹಂತದ ಅಧಿಕಾರಿಗಳನ್ನು ಸೂಚಿಸಿತು. ಮೇಲಕ್ಕೇರಿದಂತೆಲ್ಲ ಆ ಅಧಿಕಾರಿ ರೋಗಿಯಿಂದ ದೂರವಾದಳು. 1983ರಲ್ಲಿ, ದಿನಸಿ ಮಳಿಗೆಗಳ ದೊಡ್ಡ ಸಂಸ್ಥೆಯೊಂದರ ನಿರ್ದೇಶಕನಾದ ರಾಯ್ ಗ್ರಿಫಿತ್ಸ್ ಸಾಮಾನ್ಯ ವ್ಯವಸ್ಥಾಪಕರ ಆಡಳಿತವನ್ನು ಶಿಫಾರಸು ಮಾಡಿದ ಮೇಲೆ, ಶುಶ್ರೂಷಾಧಿಕಾರಿಣಿಯರಲ್ಲಿ ಅನೇಕರಿಗೆ ಸಲಹೆ ಕೊಡುವುದಷ್ಟೇ ಉಳಿಯಿತು. ವಾರ್ಡುಗಳ ಶುಚಿತ್ವ ಕೆಟ್ಟಿತೆಂದೂ ಯಾರನ್ನು ಕೇಳಬೇಕೆಂಬುದೇ ತಿಳಿಯದೆಂದೂ ಜನರ ದೂರುಗಳು ಬೆಳೆದು, 2001ರಿಂದ ಮೇಟ್ರನ್ ಎಂಬ ಹೆಸರೇ ಹೊಸ ರೂಪದಲ್ಲಿ ಮರಳಿತು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಯಂತೆ ಲೋಕದಲ್ಲಿ ಸುಮಾರು 2 ಕೋಟಿ 80 ಲಕ್ಷ ದಾದಿಯರಿದ್ದು, ಅವರಲ್ಲಿ ನೂರಕ್ಕೆ ತೊಂಬತ್ತರಷ್ಟು ಹೆಂಗಸರು. ಆರೋಗ್ಯಕ್ಷೇತ್ರದ ಉನ್ನತ ಪದವಿಗಳಲ್ಲಿ ಆ ಪ್ರಮಾಣದ ನೆರಳೂ ಕಾಣಿಸದು. ಭಾರತದಲ್ಲಿ 2023ರ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾನೂನು 1947ರ ಕಾನೂನಿನ ಸ್ಥಾನಕ್ಕೆಂದು ರಚಿತವಾದುದು. ಆಯೋಗದ ಅಧ್ಯಕ್ಷಪದವಿಗೆ ಬರತಕ್ಕವರು ಶುಶ್ರೂಷೆಯಲ್ಲಿಯೇ ಸ್ನಾತಕೋತ್ತರ ಪದವಿಯನ್ನೂ ಅದೇ ಕ್ಷೇತ್ರದಲ್ಲಿ 20 ವರ್ಷಗಳಿಗೆ ಕಡಮೆಯಿಲ್ಲದ ಅನುಭವವನ್ನೂ ಪಡೆದಿರಬೇಕೆಂದು ಅದು ವಿಧಿಸಿದೆ.